ಪಾರ್ಟಿಗೆ ಖ್ಮೇರ್‌ನಲ್ಲಿ ಏನಂತಾರೆ?

ಓದುಗರ ಪತ್ರ: ಕಾಂಬೋಡಿಯಾದ ಅಂಕೋರ್ ನೋಡಲು ಹೋಗಿದ್ದೆವು. ದಾರಿಯಲ್ಲಿದ್ದ ರಾಜಕೀಯ ಪಕ್ಷದ ಬೋರ್ಡನ್ನು ಗೈಡ್ ‘ಕಣಪಕ್’ ಎಂದು ಓದಿದರು. ಇದು ನಮ್ಮ ಗಣ, ಪಕ್ಷವೇ ಅಲ್ವಾ? ಹಾಗಾದರೆ ಬರ್ತ್‌ಡೇ ಪಾರ್ಟಿಗೂ ಅಲ್ಲಿ ಇದೇ ಪದವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮ್ಮ ಕಿವಿ ಚುರುಕಾಗಿದೆ. ಕಾಂಬೋಡಿಯಾದ ಭಾಷೆ ಖ್ಮೇರ್. ಅದರ ಲಿಪಿಯಲ್ಲಿ ಇದನ್ನು ‘ಗಣಪಕ್ಸ’ ಎಂದೇ ಬರೆಯುತ್ತಾರೆ. ಆದರೆ ಬಾಯಲ್ಲಿ ಹಳೆಯ ‘ಗ’ ಈಗ ‘ಕ’ ಆಗಿದೆ, ‘ಜ’ ‘ಚ’ ಆಗಿದೆ, ಕೊನೆಯ ಸ್ವರ ಬಿದ್ದುಹೋಗಿದೆ. ಅಲ್ಲಿನ ಆಳುವ ಪಕ್ಷ ಕಾಂಬೋಡಿಯನ್ ಪೀಪಲ್ಸ್ ಪಾರ್ಟಿಯ ಖ್ಮೇರ್ ಹೆಸರಲ್ಲಿರುವ ‘ಪ್ರಾಚಿಯಚೊನ್’ ಬೇರೇನಲ್ಲ, ಪ್ರಜಾಜನ!

‘ನಮ್ಮ’ ಅನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ. ಗಣವೂ ಪಕ್ಷವೂ ಕನ್ನಡಕ್ಕೂ ಎರವಲೇ. ಎರಡನ್ನೂ ಸೇರಿಸಿ ರಾಜಕೀಯ ಪಕ್ಷಕ್ಕೆ ಹೆಸರಿಟ್ಟದ್ದು ನಾವಲ್ಲ. ಹೊಸ ಕಾಲದ ಸಂಗತಿಗಳಿಗೆ ಸಂಸ್ಕೃತ, ಪಾಳಿಯಿಂದ ಪದ ಕಟ್ಟುವ ಕೆಲಸ ಅಲ್ಲಿ ಜೋರಾಗಿಯೇ ನಡೆಯಿತು. ಅದರಲ್ಲಿ ಮುಂದಿದ್ದವರು ಚುವೊನ್ ನಾತ್ ಎಂಬ ಬೌದ್ಧ ಭಿಕ್ಷು. ಅವರ ಖ್ಮೇರ್ ನಿಘಂಟಿನ ಮೊದಲ ಭಾಗ 1938ರಲ್ಲಿ ಅಚ್ಚಾಯಿತು. ಇಂದಿಗೂ ಕಾಗುಣಿತದ ಜಗಳ ಬಂದರೆ ಜನ ಆ ನಿಘಂಟನ್ನೇ ತೆರೆಯುತ್ತಾರೆ.

ಇನ್ನು ಬರ್ತ್‌ಡೇ. ಅದಕ್ಕೆ ‘ಕಣಪಕ್’ ಅನ್ನುವ ಹಾಗಿಲ್ಲ. ಇಂಗ್ಲಿಷಿನ ‘ಪಾರ್ಟಿ’ ಒಂದೇ ಪದ ಎಲ್ಲ ಕಡೆ ದುಡಿಯುತ್ತದೆ. ನಾವೂ ಹಾಗೇ ಮಾಡಿಕೊಂಡಿದ್ದೇವೆ. ಪಾರ್ಟಿ ಟಿಕೆಟ್ ಕೊಡುತ್ತದೆ, ಗೆಳೆಯ ಪಾರ್ಟಿ ಕೊಡಿಸುತ್ತಾನೆ, ಸೈಟ್ ಬ್ರೋಕರ್ ‘ಒಳ್ಳೆ ಪಾರ್ಟಿ ಬಂದಿದೆ ಸಾರ್’ ಅಂತ ಫೋನ್ ಮಾಡುತ್ತಾನೆ. ಖ್ಮೇರ್‌ನಲ್ಲಿ ಒಂದೊಂದಕ್ಕೂ ಬೇರೆ ಪದ. ಉಂಡು ಕುಡಿದು ಸಂಭ್ರಮಿಸುವ ಕೂಟ ‘ಚೊಪ್‌ಲಿಯಾಂಗ್’. ಅದರ ಮುಂದೆ ‘ಪಿಥಿ’ ಸೇರಿಸುವುದುಂಟು. ಅದು ನಮಗೂ ಗೊತ್ತಿರುವ ‘ವಿಧಿ’. ಹುಡುಕಲು ಹೊರಟ ತಂಡ (ಇಂಗ್ಲಿಷಿನ ‘ಸರ್ಚ್ ಪಾರ್ಟಿ’), ಆಟದ ತಂಡ, ಕೆಲಸದ ಗುಂಪು ಎಲ್ಲವೂ ‘ಕ್ರೊಮ್’. ಅದಕ್ಕೆ ಷೇರು ಎಂಬರ್ಥದ ‘ಹುನ್’ ಸೇರಿದರೆ ‘ಕ್ರೊಮ್‌ಹುನ್’, ಅಂದರೆ ಕಂಪನಿ.

ನನಗೆ ತುಂಬ ಇಷ್ಟವಾದದ್ದು ಕರಾರು ಪತ್ರದ ಪಾರ್ಟಿ. ನಮ್ಮ ಬಾಡಿಗೆ ಕರಾರಿನಲ್ಲಿ ‘ಒಂದನೇ ಪಾರ್ಟಿ, ಎರಡನೇ ಪಾರ್ಟಿ’ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಅವರು ‘ಫಿಯಕಿ’ ಅನ್ನುತ್ತಾರೆ. ಬರೆಯುವುದು ‘ಭಾಗೀ’ ಎಂದು. ವ್ಯವಹಾರದಲ್ಲಿ ಭಾಗಿಯಾದವನು, ಅಷ್ಟೇ. ನಮ್ಮ ದಸ್ತಾವೇಜು ಬರಹಗಾರರು ಯಾಕೆ ಇದನ್ನು ಬಳಸಬಾರದು?

ಮುಂದಿನ ಸಲ ಹೋದಾಗ ಊಟಕ್ಕೆ ಕರೆಯುವುದಿದ್ದರೆ ‘ಚೊಪ್‌ಲಿಯಾಂಗ್’ ಅನ್ನಿ. ‘ಕಣಪಕ್’ಗೆ ಬನ್ನಿ ಅಂದರೆ ರಾಜಕೀಯಕ್ಕೆ ಕರೆದಂತಾಗುತ್ತದೆ. 1985ರಿಂದ 2023ರವರೆಗೆ ಹುನ್ ಸೆನ್ ಬಹುಪಾಲು ಪ್ರಧಾನಿಯಾಗಿದ್ದು, ಆಮೇಲೆ ಮಗನೇ ಆ ಕುರ್ಚಿಯಲ್ಲಿ ಕೂತಿರುವ ದೇಶ ಅದು. ಊಟ ಹಾಕಿಸುವುದೇ ಕ್ಷೇಮ.