ದಿನಕ್ಕೆ ಎರಡಾಣೆ

ಪ್ರಶ್ನೆ: ಅಟ್ಟ ಗುಡಿಸುವಾಗ ಅಜ್ಜಿಯ ಟ್ರಂಕಿನಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಳೆಯ ಪಿಗ್ಮಿ (ದಿನದಿನದ ಸಣ್ಣ ಉಳಿತಾಯ) ಪುಸ್ತಕ ಸಿಕ್ಕಿತು. ಈಗ ಆ ಹೆಸರಿನ ಬ್ಯಾಂಕೇ ಇಲ್ಲ. ಅದು ಹುಟ್ಟಿದ್ದು, ಬೆಳೆದದ್ದು ಹೇಗೆ? ಪುಸ್ತಕದಲ್ಲಿ ಹಣ ಉಳಿದಿದ್ದರೆ ಸಿಗುತ್ತದೆಯೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಆ ಪುಸ್ತಕವನ್ನು ದಯವಿಟ್ಟು ಎಸೆಯಬೇಡಿ. ಬೀಡಿ ಕಟ್ಟುತ್ತಿದ್ದ ನನ್ನ ಅಮ್ಮನ ಹತ್ತಿರವೂ ಅಂಥದೊಂದು ಇತ್ತು. ಸಂಜೆ ಅಂಗಳದಲ್ಲಿ ದುಡ್ಡು ಸಂಗ್ರಹಿಸುವ ಏಜೆಂಟರ ಸೈಕಲ್ ಬೆಲ್ ಕೇಳಿಸಿದರೆ ಸಾಕು, ಅಕ್ಕಿ ಡಬ್ಬಿಯಿಂದ ಐವತ್ತು ಪೈಸೆ ಹೊರಗೆ ಬರುತ್ತಿತ್ತು. ನನ್ನ ಪಿಯುಸಿ ಫೀಸು ಕಟ್ಟಿದ್ದು ಆ ದುಡ್ಡಿನಿಂದ.

ಕೈಮಗ್ಗ ಸೋತು ನೇಕಾರರು ಕಂಗೆಟ್ಟಿದ್ದ ಕಾಲವದು. ಅವರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿದರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಮೊದಲ ಬಂಡವಾಳ 8,000 ರೂಪಾಯಿ. ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರು ಬಂದದ್ದು 1960ರ ದಶಕದಲ್ಲಿ.

1928ರಲ್ಲಿ ಪಿಗ್ಮಿ ಶುರುವಾಯಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಮನೆಬಾಗಿಲಿಗೆ ಬ್ಯಾಂಕೇ ಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಲೆಕ್ಕ ಹಾಕಿ ನೋಡಿ, ರೂಪಾಯಿಗೆ ಹದಿನಾರಾಣೆಯಂತೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ಮನೆಯದ್ದು ಅಷ್ಟೇ. ಆದರೆ ಊರೂರಿನ ಮೀನುಗಾರ್ತಿ, ಹೋಟೆಲ್ ಮಾಣಿ, ಹೂವಿನವಳು ಎಲ್ಲರೂ ಕಟ್ಟಿದಾಗ ಅದೇ ಠೇವಣಿ. ಸಾಲ ಕೊಡಲು ಬ್ಯಾಂಕಿಗೆ ಬೇಕಾದದ್ದೂ ಅದೇ. ಮುಂದೆ ನಾನೂ ಬ್ಯಾಂಕೊಂದರ ಕೌಂಟರಿನಲ್ಲಿ ಕೂತೆ. ಪಿಗ್ಮಿ ಏಜೆಂಟರು ಸಂಜೆ ತಂದು ಸುರಿಯುತ್ತಿದ್ದ ನೋಟುಗಳಲ್ಲಿ ಮೀನಿನ ವಾಸನೆ, ತಂಬಾಕಿನ ಹುಡಿ. ಆ ನೋಟು ಎಣಿಸುವಾಗ ನನಗೆ ಅಮ್ಮನ ಬೆರಳು ನೆನಪಾಗುತ್ತಿತ್ತು. ಬ್ಯಾಂಕ್ ಕಟ್ಟಿದವರು ಯಾರು ಎಂದು ಕೇಳಿದರೆ ಆ ಮೂವರ ಜೊತೆಗೆ ಸೈಕಲ್ ತುಳಿದ ಏಜೆಂಟರನ್ನೂ ನಿಮ್ಮ ಅಜ್ಜಿಯನ್ನೂ ನಾನು ಸೇರಿಸುತ್ತೇನೆ.

1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆದದ್ದೂ ಇದೇ ಬ್ಯಾಂಕು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಮಣಿಪಾಲದಲ್ಲಿ ಪ್ರಧಾನ ಕಚೇರಿ ಇದ್ದ ಸಿಂಡಿಕೇಟ್ ಇತ್ತು, ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕೂ ಇತ್ತು. ಎರಡೂ ನಮ್ಮ ಹಳೆಯ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಮಕ್ಕಳು. 1975ರಲ್ಲಿ ದೇಶದ ಮೊದಲ ಗ್ರಾಮೀಣ ಬ್ಯಾಂಕು ‘ಪ್ರಥಮಾ’ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದಾಗ ಅದರ ಪ್ರಾಯೋಜಕ ಸಿಂಡಿಕೇಟ್.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಬದಲಾದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ನಿಮ್ಮ ಹಣದ ಮಾತು. ವಿಲೀನದಿಂದ ಠೇವಣಿ ಅಳಿಯುವುದಿಲ್ಲ, ಹೊಣೆ ಈಗ ಕೆನರಾ ಬ್ಯಾಂಕಿನದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರರು ಬ್ಯಾಂಕಿನ ಮೂಲಕವೇ ಕೇಳಿ ಪಡೆಯಬಹುದು. ಪುಸ್ತಕ, ಅಜ್ಜಿಯ ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ವಾರಸುದಾರಿಕೆಯ ದಾಖಲೆ ಹಿಡಿದು ಶಾಖೆಗೆ ಹೋಗಿ. ಪುಸ್ತಕ ತೋರಿಸಿ ಜೆರಾಕ್ಸ್ ಕೊಡಿ, ಬ್ಯಾಂಕ್ ಕೇಳದಿದ್ದರೆ ಮೂಲ ಪ್ರತಿಯನ್ನು ಮನೆಗೆ ವಾಪಸ್ ತನ್ನಿ.