ಅಜ್ಜನ ಸೀಟು, ಸ್ಪೈಡರ್‌ಮ್ಯಾನ್ ಮತ್ತು ಕೆಂಪು ಟವೆಲ್ಲಿನ ಹುಡುಗ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಏಳು ತಿಂಗಳ ಹಿಂದೆ ಚಿತ್ರದುರ್ಗದಲ್ಲಿ ಮದುವೆ ಮುಗಿಸಿಕೊಂಡು ದಾವಣಗೆರೆಗೆ ಬರುವಾಗ ಹೈವೇಯಲ್ಲಿ ನಮ್ಮ ಕಾರಿನ ಬಲಮಗ್ಗುಲಿಗೆ ಲಾರಿ ಗುದ್ದಿ, ಹಿಂದೆ ಕೂತಿದ್ದ ನಮ್ಮ ಮಾವ ಅಲ್ಲೇ ತೀರಿಕೊಂಡರು. ಮಗನ ಕೈ ಮುರಿದಿತ್ತು, ಈಗ ಕೂಡಿದೆ. ಆದರೆ ರಾತ್ರಿ ಬೆಚ್ಚಿ ಏಳುತ್ತಾನೆ, ಕಾರು ಹತ್ತುವುದಿಲ್ಲ, ಲಾರಿ ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನೆ. ಕುತ್ತಿಗೆಗೆ ಕೆಂಪು ಟವೆಲ್ ಕಟ್ಟಿಕೊಂಡು ಆಟಿಕೆ ಕಾರು, ಲಾರಿ ಡಿಕ್ಕಿ ಹೊಡೆಸುವುದೇ ಆಟ. “ನಾನು ಕಿಟಕಿ ಸೀಟು ಬೇಕು ಅಂತ ಹಟ ಮಾಡಿದ್ದಕ್ಕೆ ಅಜ್ಜ ಆ ಕಡೆ ಹೋಗಿ ಕೂತ್ರು” ಎಂದು ಒಂದು ಸಲ ಹೇಳಿದ, ಮತ್ತೆ ಬಾಯಿ ಬಿಡಲಿಲ್ಲ. ಆಪ್ತಸಮಾಲೋಚಕಿಯ ಹತ್ತಿರ ನಾಲ್ಕು ಸಲ ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಬರೀ ಸೂಪರ್‌ಹೀರೋ ಕಥೆ, ಚಿತ್ರ. ಯಜಮಾನರು “ಸಿನಿಮಾ ಕಥೆ ಕೇಳೋಕೆ ದುಡ್ಡು ಕೊಡ್ಬೇಕಾ” ಅಂತಾರೆ. ಅತ್ತೆ ತಾಯತ ಕಟ್ಟಿಸಿದ್ದಾರೆ, “ಮರ್ತು ಹೋಗ್ಲಿ ಬಿಡ್ರಿ, ಅದನ್ನೇ ಯಾಕ್ ಕೆದಕ್ತೀರಿ” ಅಂತಾರೆ. ನಿಲ್ಲಿಸಲೋ, ಮುಂದುವರಿಸಲೋ?
— ಹೆಸರು ಬೇಡ, ದಾವಣಗೆರೆ

ಉತ್ತರ: ಸದ್ಯಕ್ಕೆ ನಿಲ್ಲಿಸಬೇಡಿ. ಹಾಗಂತ ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳದೆ ಮುಂದುವರಿಸಲೂ ಬೇಡಿ. ಸೂಪರ್‌ಹೀರೋ ಕಥೆ ತಾನೇ ಔಷಧಿಯಲ್ಲ. ಮಗು ತನ್ನ ಕಥೆ ಹೇಳುವ ಹಂತಕ್ಕೆ ಬರಲಿ ಎಂದು ಹಿಡಿದ ದಾರಿ ಅದು. ಆ ಹಂತಕ್ಕೆ ಹೋಗುತ್ತಿದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ತೀರ್ಮಾನ ನಿಲ್ಲಬೇಕು.

ಈ ಕಥೆಗಳನ್ನೇ ಯಾಕೆ ಬಳಸುತ್ತಾರೆ? ಅವುಗಳ ಹೊಟ್ಟೆಯಲ್ಲೇ ಸಾವು, ನೋವು ಇದೆ. 1938ರಲ್ಲಿ ಬಂದ ಸೂಪರ್‌ಮ್ಯಾನ್ ಹುಟ್ಟಿದ ಗ್ರಹವನ್ನೇ ಕಳೆದುಕೊಂಡ ಸಾಕುಮಗ. 1939ರ ಬ್ಯಾಟ್‌ಮ್ಯಾನ್ ಚಿಕ್ಕವನಿದ್ದಾಗ ಕಣ್ಣೆದುರೇ ಅಪ್ಪ ಅಮ್ಮನ ಕೊಲೆ ನೋಡಿದವನು. ‘ನನಗೆ ಹೆದರಿಕೆ ಆಗುತ್ತೆ’ ಎಂದು ಹೇಳಲಾರದ ಹುಡುಗ ‘ಬ್ಯಾಟ್‌ಮ್ಯಾನ್‌ಗೆ ರಾತ್ರಿ ನಿದ್ದೆ ಬರಲ್ಲ’ ಎಂದು ಸಲೀಸಾಗಿ ಹೇಳುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜನೀನಾ ಸ್ಕಾರ್ಲೆಟ್ ಈ ಪದ್ಧತಿಗೆ ಹೆಸರಾದವರು. ಉಕ್ರೇನಿನಲ್ಲಿ ಹುಟ್ಟಿದ ಅವರು 1986ರ ಚೆರ್ನೋಬಿಲ್ ವಿಕಿರಣಕ್ಕೆ ಸಿಕ್ಕ ಮಗು. ವಿಕಿರಣ, ದೇಹದ ಮಾರ್ಪಾಡು ಎಂದೆಲ್ಲ ಮಾತಾಡುವ ಎಕ್ಸ್-ಮೆನ್ ಎಂಬ ಸೂಪರ್‌ಹೀರೋಗಳ ಕಥೆ ಅವರಿಗೆ ಯಾಕೆ ತಾಕಿತು ಎಂದು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಯಜಮಾನರ ಅನುಮಾನದಲ್ಲೂ ಹುರುಳಿದೆ. 2017ರ ಒಂದು ಅಧ್ಯಯನದಲ್ಲಿ 4 ಮತ್ತು 6 ವರ್ಷದ ಮಕ್ಕಳಿಗೆ ಬೇಸರದ ಕೆಲಸ ಕೊಟ್ಟಾಗ, ತಾನು ಬ್ಯಾಟ್‌ಮ್ಯಾನ್ ಎಂದುಕೊಂಡ ಮಕ್ಕಳು ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ಅದು ಛಲದ ಮಾತಾಯಿತು, ಆಘಾತ ವಾಸಿಯಾದ ಮಾತಲ್ಲ. ಇಂಥ ಮಕ್ಕಳ ವಿಷಯದಲ್ಲಿ ಗಟ್ಟಿ ಆಧಾರ ಇರುವುದು ‘ಆಘಾತ ಕೇಂದ್ರಿತ ಸಿಬಿಟಿ’ಗೆ, ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಹಿಡಿದು ಮಾಡುವ ಮಾತಿನ ಚಿಕಿತ್ಸೆಗೆ. ವಾರಕ್ಕೊಂದರಂತೆ ಸಾಮಾನ್ಯವಾಗಿ 12ರಿಂದ 16 ಭೇಟಿ. ಒಳಗೆ ಇದು ಇದ್ದು ಮೇಲೆ ಹೀರೋ ವೇಷ ಹಾಕಿದ್ದರೆ ದುಡ್ಡು ದಂಡವಲ್ಲ. ಬರೀ ವೇಷವೇ ಆಗಿದ್ದರೆ ದಂಡವೇ.

ನಾಲ್ಕು ಭೇಟಿಯಲ್ಲಿ ಕಥೆ, ಚಿತ್ರ ಮಾತ್ರ ನಡೆದಿದ್ದರೆ ಅದೇನೂ ತಡವಲ್ಲ. ಮೊದಲ ಕೆಲವು ಭೇಟಿಗಳಲ್ಲಿ ಅಪಘಾತದ ವಿವರಕ್ಕೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಆಗ ಕಲಿಸುವುದು ಮೈ ಹಿಡಿತಕ್ಕೆ ತರುವುದನ್ನು: ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಹೀಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಮನೆಯಲ್ಲಿ ಇದನ್ನು ಆರಾಮವಾಗಿ ಇರುವಾಗ ಮಾಡಿಸಿ. ಹೆದರಿ ನಡುಗುವಾಗ ಮೊದಲ ಸಲ ಮಾಡಿಸಿದರೆ ಉಸಿರಾಟವೇ ಹೆದರಿಕೆಯ ಜತೆ ಗಂಟು ಬೀಳುತ್ತದೆ. ಜತೆಗೆ ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುವುದನ್ನು ಕಲಿಯುತ್ತಾನೆ. ಐರನ್ ಮ್ಯಾನ್ ಇಲ್ಲಿ ಉಪಯೋಗಕ್ಕೆ ಬರುತ್ತಾನೆ. 2013ರ ಚಿತ್ರದಲ್ಲಿ ಅವನಿಗೇ ಎದೆ ಬಿಗಿದು ಪ್ಯಾನಿಕ್ ಆಗುತ್ತದೆ. ಆ ಭಾಗವನ್ನು ಬಾಯಲ್ಲಿ ಹೇಳಿ ಸಾಕು. ಸಿನಿಮಾ ಹಾಕಿ ತೋರಿಸಲು ಹೋಗಬೇಡಿ, ಉದ್ದಕ್ಕೂ ಸ್ಫೋಟ.

ಆಮೇಲೆ ಬರಬೇಕಾದದ್ದು ಅವನದೇ ಕಾಮಿಕ್. ಒಂದು ಹಾಳೆಯಲ್ಲಿ ಎಂಟು ಚೌಕ: ಮದುವೆಮನೆ, ಕಾರು ಹತ್ತಿದ್ದು, ದಾರಿಯಲ್ಲಿ ಮಾತು, ಗುದ್ದುವುದಕ್ಕೆ ಮುಂಚೆ, ಗುದ್ದಿದ ಗಳಿಗೆ, ರಸ್ತೆಯಲ್ಲಿ ಬಂದವರು, ಆಸ್ಪತ್ರೆ, ಇವತ್ತು. ಐದನೇ ಚೌಕವನ್ನು ಮೊದಲು ಖಾಲಿ ಬಿಡುತ್ತಾರೆ. ಸುತ್ತಲಿನ ಚೌಕಗಳನ್ನು ಬರೆದು, ಓದಿ, ಅಂಕ ಹಾಕಿ, ವಾರ ವಾರ ಅದರ ಹತ್ತಿರ ಹೋಗುತ್ತಾರೆ. ಒಂಬತ್ತು ಇದ್ದ ಅಂಕ ನಾಲ್ಕಕ್ಕೋ ಮೂರಕ್ಕೋ ಇಳಿಯುವ ತನಕ ಅದನ್ನೇ ಓದಿಸುತ್ತಾರೆ. ಕೊನೆಗೆ ನಿಮ್ಮೆದುರು ಓದುತ್ತಾನೆ. ಅದಕ್ಕೆ ಮುಂಚೆ ಸಮಾಲೋಚಕಿ ನಿಮ್ಮೊಬ್ಬರಿಗೇ ಅದನ್ನು ಓದಿ ಹೇಳಿರಬೇಕು. ಇಲ್ಲದಿದ್ದರೆ ಮಗನ ಮುಂದೆ ನೀವು ಕುಸಿಯುತ್ತೀರಿ, ‘ಇದನ್ನು ಅಮ್ಮನಿಗೆ ಹೇಳಬಾರದು’ ಎಂದು ಅವನು ಮತ್ತೆ ಬಾಯಿ ಕಟ್ಟಿಕೊಳ್ಳುತ್ತಾನೆ.

ಇನ್ನು ಆ ಕಿಟಕಿ ಸೀಟು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಮಾತು ಅದೇ, ಸಮಾಲೋಚಕಿಗೆ ಇದು ಗೊತ್ತಿದೆಯೋ ಇಲ್ಲವೋ ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಹುಡುಗನನ್ನು ಹೊರಗೆ ಕೂರಿಸಿ ಮೊದಲು ಇದನ್ನೇ ಹೇಳಿ. ಯಾಕೆಂದರೆ ‘ನನ್ನಿಂದಲೇ ಆಯ್ತು’ ಎನ್ನುವ ಮಗುವಿಗೆ ಸಾಮಾನ್ಯವಾಗಿ ಕೊಡುವ ಕಥೆ ಸ್ಪೈಡರ್‌ಮ್ಯಾನ್. 1962ರ ಆ ಮೊದಲ ಕಥೆಯಲ್ಲಿ ಸ್ಪೈಡರ್‌ಮ್ಯಾನ್ ಆದ ಹುಡುಗ ಪೀಟರ್ ಕಳ್ಳನನ್ನು ಹಿಡಿಯಬಹುದಾಗಿತ್ತು, ‘ನಂಗ್ಯಾಕೆ’ ಎಂದು ಬಿಟ್ಟ. ಅದೇ ಕಳ್ಳ ಅವನ ಚಿಕ್ಕಪ್ಪ ಬೆನ್‌ನನ್ನು ಕೊಂದ. ಪೀಟರ್‌ನ ಕೈಯಲ್ಲಿ ನಿಜಕ್ಕೂ ಒಂದು ಅವಕಾಶ ಇತ್ತು. ನಿಮ್ಮ ಮಗನ ಕೈಯಲ್ಲಿ ಏನೂ ಇರಲಿಲ್ಲ. ಈ ವ್ಯತ್ಯಾಸ ಬಿಡಿಸದೆ ಕಥೆ ಹೇಳಿದರೆ ‘ಹೌದು, ಅವನ ಹಾಗೆ ನಾನೂ ತಪ್ಪು ಮಾಡಿದೆ, ಇನ್ನು ಎಲ್ಲರನ್ನೂ ನಾನೇ ಕಾಯಬೇಕು’ ಎಂದು ಹುಡುಗ ಲೆಕ್ಕ ಹಾಕಿಕೊಳ್ಳುತ್ತಾನೆ. ಕೆಂಪು ಟವೆಲ್ಲಿನಲ್ಲಿ ಆ ಲೆಕ್ಕ ಆಗಲೇ ಶುರುವಾಗಿರಬಹುದು. ಈ ಪದ್ಧತಿ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಅವನು ಮತ್ತೆ ಆ ಮಾತೆತ್ತಿದರೆ ತಕ್ಷಣ “ನಿಂದೇನೂ ತಪ್ಪಿಲ್ಲ ಕಣೋ, ಸುಮ್ಮನಿರು” ಎನ್ನಬೇಡಿ. ಪ್ರೀತಿಯ ಮಾತೇ ಅದು, ಆದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕೇಳಿ: “ಕಿಟಕಿ ಸೀಟು ಬೇಕು ಅಂದಾಗ ಲಾರಿ ಬರೋದು ನಿಂಗೆ ಗೊತ್ತಿತ್ತಾ? ಅಜ್ಜಂಗೆ ಗೊತ್ತಿತ್ತಾ? ಅಜ್ಜ ಯಾಕೆ ಜಾಗ ಬಿಟ್ಟುಕೊಟ್ರು?” ಮೊಮ್ಮಗ ಕೇಳಿದ್ದನ್ನು ಅಜ್ಜ ಪ್ರೀತಿಯಿಂದ ಕೊಟ್ಟರು ಎಂಬುದು ಅವನ ಬಾಯಲ್ಲೇ ಬರಲಿ, ಒಂದೇ ದಿನಕ್ಕೆ ಬಾರದಿದ್ದರೂ ಚಿಂತೆಯಿಲ್ಲ. ಸಮಾಲೋಚಕಿ ಇದಕ್ಕೊಂದು ವೃತ್ತ ಬರೆಸುತ್ತಾರೆ: ಅಪಘಾತಕ್ಕೆ ಯಾವ್ಯಾವುದು ಎಷ್ಟೆಷ್ಟು ಕಾರಣ ಎಂದು ಪಾಲು ಹಾಕಿಸುವುದು. ಲಾರಿಯ ವೇಗ, ಚಾಲಕ, ಬ್ರೇಕು, ಕತ್ತಲು, ರಸ್ತೆ ಎಲ್ಲಕ್ಕೂ ಜಾಗ ಕೊಟ್ಟ ಮೇಲೆ ಕಟ್ಟಕಡೆಗೆ ‘ಸೀಟು’. ಸೀಟನ್ನು ಮೊದಲು ಬರೆಸಿದರೆ ಹುಡುಗ ಅರ್ಧ ವೃತ್ತ ತನಗೇ ಕೊಟ್ಟುಕೊಳ್ಳುತ್ತಾನೆ, ಹಾಗಾಗಿ ಕ್ರಮ ತಪ್ಪಬಾರದು.

ಪರದೇಶದ ಹೀರೋಗಳೇ ಆಗಬೇಕೆಂದಿಲ್ಲ. ಹನುಮಂತ ಇಂಥ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದ್ದಾನೆ. ಶಾಪದಿಂದ ತನ್ನ ಶಕ್ತಿಯನ್ನೇ ಮರೆತವನು, ಕಡಲ ದಂಡೆಯಲ್ಲಿ ಜಾಂಬವಂತ ನೆನಪಿಸಿದ ಮೇಲೆ ಹಾರಿದವನು. ಪಕ್ಕದಲ್ಲಿ ಕೂತು ನೆನಪಿಸುವ ದೊಡ್ಡವರೊಬ್ಬರು ಬೇಕು ಎಂಬುದು ಆ ಕಥೆಯಲ್ಲೇ ಇದೆ. ನಮ್ಮ ಕಡೆಯ ಮಕ್ಕಳಿಗೆ ಒನಕೆ ಓಬವ್ವ ಗೊತ್ತೇ ಇರುತ್ತಾಳೆ, ಚಿತ್ರದುರ್ಗದ ಕೋಟೆಯಲ್ಲಿ ಕಿಂಡಿಯನ್ನೂ ನೋಡಿರುತ್ತಾರೆ. ಆದರೆ ಈಗ ಅವಳ ಕಥೆ ಬೇಡ. ಒಬ್ಬಳೇ ಎಲ್ಲರನ್ನೂ ಕಾದಳು, ಕೊನೆಗೆ ತಾನೂ ಸತ್ತಳು ಎಂಬುದು ಈ ಹುಡುಗನ ಕಿವಿಗೆ ಸದ್ಯ ಬೀಳಬೇಕಾದ ಮಾತಲ್ಲ.

ಆಟಿಕೆ ಲಾರಿಯನ್ನು ಬಚ್ಚಿಡಬೇಡಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನ ಸಮೇತ 26 ಮಕ್ಕಳ ಅಪಹರಣವಾಯಿತು. ಬದುಕಿ ಬಂದ ಆ ಮಕ್ಕಳನ್ನು ಮನೋವೈದ್ಯೆ ಲೆನೋರ್ ಟೆರ್ ವರ್ಷಗಟ್ಟಲೆ ಗಮನಿಸಿದರು. ನಡೆದದ್ದನ್ನೇ ಮತ್ತೆ ಮತ್ತೆ ಆಡುವುದು ಆಘಾತದ ಗುರುತು ಎಂದು ನಾವು ತಿಳಿದದ್ದು ಇಂಥ ಕೆಲಸದಿಂದ. ಒಂದು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಆಟ ದಿನದಿಂದ ದಿನಕ್ಕೆ ಚೂರು ಬದಲಾಗುತ್ತ, ಆಡಿದ ಮೇಲೆ ಮುಖ ಹಗುರಾಗುತ್ತಿದ್ದರೆ ಒಳ್ಳೆಯದೇ. ಅದೇ ಡಿಕ್ಕಿ, ಅದೇ ಕೊನೆ, ಮುಗಿದ ಮೇಲೂ ಹಲ್ಲು ಕಚ್ಚಿಕೊಂಡೇ ಇದ್ದಾನೆ ಎಂದರೆ ಆಟ ಸಿಕ್ಕಿಬಿದ್ದಿದೆ. “ಆಂಬುಲೆನ್ಸ್ ಎಲ್ಲಿಂದ ಬರುತ್ತೆ? ಕೈ ಮುರಿದ ಹುಡುಗನ್ನ ಯಾರು ಎತ್ಕೊಳ್ತಾರೆ?” ಎಂದು ಒಂದು ಪಾತ್ರ ಒಳಗೆ ಬಿಡಿ, ಸಮಾಲೋಚಕಿಗೂ ತಿಳಿಸಿ. ಟವೆಲ್ ಇರಲಿ, ಆದರೆ ಕುತ್ತಿಗೆಗೆ ಗಂಟು ಹಾಕಬಾರದು. ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಎರಡು ಭುಜಕ್ಕೆ ವೆಲ್ಕ್ರೋ ಹೊಲಿಸಿ. ತಾರಸಿ ಬಾಗಿಲಿಗೆ ಬೀಗ ಹಾಕಿಡಿ.

ಮನೆಯಲ್ಲಿ ಯಾರೂ “ಸೂಪರ್‌ಮ್ಯಾನ್ ಅಳ್ತಾನೇನೋ?” ಎನ್ನಬಾರದು. ನೆಂಟರು ಹೀಗೆ ಅಂದೇ ಅನ್ನುತ್ತಾರೆ, ನೀವೇ ತಡೆಯಬೇಕು.

ಕಾರು ಹತ್ತಿಸುವುದಕ್ಕೆ ಅವಸರ ಬೇಡ. ಸಮಾಲೋಚಕಿ ಸರಿ ಎಂದ ಮೇಲೆ ಮನೆಮುಂದೆ ನಿಂತ ಕಾರಿನಲ್ಲಿ ಬಾಗಿಲು ತೆಗೆದು ಹತ್ತು ನಿಮಿಷ, ಆಮೇಲೆ ಬಾಗಿಲು ಹಾಕಿ, ಆಮೇಲೆ ಎಂಜಿನ್ ಚಾಲು ಮಾಡಿ. ಅಲ್ಲಿಂದ ಓಣಿಯಲ್ಲಿ ಒಂದು ಸುತ್ತು, ಇನ್ನೊಂದು ವಾರ ಕುಂದುವಾಡ ಕೆರೆ, ಆಮೇಲೆ ಹರಿಹರ. ಚಿತ್ರದುರ್ಗದ ದಾರಿ ಕೊನೆಗೆ. ಒಂದೊಂದು ಮೆಟ್ಟಿಲಲ್ಲೂ ಅಂಕ ಅರ್ಧಕ್ಕೆ ಇಳಿಯುವವರೆಗೆ ಕೂತಿರಬೇಕು. ಎಂಟರಲ್ಲಿ ಇರುವಾಗಲೇ ಇಳಿಸಿಕೊಂಡು ಬಂದರೆ ‘ಓಡಿ ಬಂದದ್ದಕ್ಕೆ ಉಳಿದೆ’ ಎಂದು ಮೈ ಕಲಿಯುತ್ತದೆ. ನಿಮ್ಮ ಅತ್ತೆಯವರು ಹೇಳುವ ‘ಮರೆಯುವಿಕೆ’ಯಲ್ಲೂ ಇದೇ ತೊಂದರೆ: ಮಾತಾಡದೆ ಬಿಟ್ಟದ್ದು ಮರೆತುಹೋಗುವುದಿಲ್ಲ. ತಾಯತ ಮಾತ್ರ ಇರಲಿ ಬಿಡಿ. ಚಿಕಿತ್ಸೆ ಬಿಡಿಸದ ತಾಯತದ ಮೇಲೆ ಜಗಳ ಯಾಕೆ?

ಯಜಮಾನರ ಬಗ್ಗೆ ಒಂದು ಮಾತು. ಆ ಕಾರಿನಲ್ಲಿ ತೀರಿಕೊಂಡದ್ದು ಅವರ ಅಪ್ಪ. ನಿಮ್ಮ ಪತ್ರದಲ್ಲಿ ಅವರು ದುಡ್ಡಿನ ಮಾತಾಡುವವರಾಗಿ ಮಾತ್ರ ಬರುತ್ತಾರೆ. ಅಂದು ಕಾರು ಓಡಿಸುತ್ತಿದ್ದವರು ಅವರೇ ಆಗಿದ್ದರಂತೂ ಮಗನಲ್ಲಿರುವ ‘ನನ್ನಿಂದಲೇ’ ಎನ್ನುವುದು ಅವರೊಳಗೂ ಇರಬಹುದು. ವಾದಿಸಬೇಡಿ, ಮುಂದಿನ ಭೇಟಿಗೆ ಜತೆಗೆ ಕರೆಯಿರಿ. ಅಲ್ಲಿ ಈ ಮೂರು ಪ್ರಶ್ನೆ ಅವರೇ ಕೇಳಲಿ: ಮಗನ ಸ್ವಂತ ಕಥೆಗೆ ಯಾವಾಗ ಬರುತ್ತೀರಿ? ಸುಧಾರಿಸುತ್ತಿದ್ದಾನೆ ಎಂದು ಯಾವುದರಿಂದ ಅಳೆಯುತ್ತೀರಿ? ಆಘಾತಕ್ಕೊಳಗಾದ ಮಕ್ಕಳ ಚಿಕಿತ್ಸೆಯಲ್ಲಿ ನಿಮಗೆ ತರಬೇತಿ ಆಗಿದೆಯೇ? ಉತ್ತರ ಅಡ್ಡಾದಿಡ್ಡಿಯಾಗಿದ್ದರೆ, ಅಥವಾ ಎಂಟನೇ ಭೇಟಿಯಲ್ಲೂ ಬರೀ ಮುಖವಾಡವನ್ನೇ ಕತ್ತರಿಸುತ್ತಿದ್ದರೆ, ಬೇರೆಯವರನ್ನು ನೋಡಿ.

“ಅಜ್ಜನ ಹತ್ರ ಹೋಗ್ಬೇಕು” ಎನ್ನುವುದು, ತನಗೆ ತಾನೇ ಹೊಡೆದುಕೊಳ್ಳುವುದು, ಊಟ ಬಿಡುವುದು, ಶಾಲೆಗೇ ಹೋಗದಿರುವುದು ಕಂಡರೆ ಮುಂದಿನ ವಾರದವರೆಗೆ ಕಾಯಬೇಡಿ, ಮಕ್ಕಳ ಮನೋವೈದ್ಯರಿಗೆ ತೋರಿಸಿ. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಬೇಕಾದರೆ ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆಸಿಕೊಳ್ಳಬಹುದು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಐದು ತಿಂಗಳಿಗೆ ಮಾವನವರ ವರ್ಷದ ಪುಣ್ಯಸ್ಮರಣೆ ಬರುತ್ತದೆ. ಆ ಹೊತ್ತಿಗೆ ವಾಸಿಯಾದಂತೆ ಕಂಡರೂ ಹಿಂದಿನ ವಾರದಿಂದ ಮತ್ತೆ ಬೆಚ್ಚಿ ಏಳಬಹುದು. ಚಿಕಿತ್ಸೆ ಸೋತಿತು ಎಂದುಕೊಳ್ಳಬೇಡಿ, ಮೂರು ವಾರ ಮೊದಲೇ ಒಂದು ಭೇಟಿ ಗೊತ್ತು ಮಾಡಿಕೊಳ್ಳಿ. ಅಂದು ಹುಡುಗನನ್ನು ಪಕ್ಕದ ಮನೆಗೆ ಕಳಿಸಬೇಡಿ, ಫೋಟೋದ ಮುಂದೆ ಬಲವಂತವಾಗಿ ನಿಲ್ಲಿಸಲೂ ಬೇಡಿ. ಹೂವು ತರುವುದೋ, ಊಟಕ್ಕೆ ಎಲೆ ಹಾಕುವುದೋ, ಏನು ಮಾಡುತ್ತೀಯ ಎಂದು ಅವನನ್ನೇ ಕೇಳಿ.