ಬಚ್ಚಲ ನೀರಿಗೆ ಕಾಬಾಳೆ ಮಡಿ

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ. ಬಚ್ಚಲು, ಅಡುಗೆಮನೆ, ಬಟ್ಟೆ ಒಗೆದ ನೀರನ್ನು ಕಾಬಾಳೆ (ಕ್ಯಾನಾ ಹೂಗಿಡ) ನೆಟ್ಟ ಜಲ್ಲಿಯ ಮಡಿಗೆ ಹರಿಸಿ, ಶುದ್ಧವಾದ ಮೇಲೆ ತೆಂಗಿಗೆ ಬಿಡಬೇಕೆಂದಿದ್ದೇವೆ. ಎಷ್ಟು ಜಾಗ ಬೇಕು? ಸೊಳ್ಳೆಯಾಗದೇ? ಮಳೆಗಾಲದಲ್ಲಿ ಏನು ಗತಿ?
— ಓದುಗರು, ಫೋಂಡಾ, ಗೋವಾ

ಉತ್ತರ: ತಲೆಗೆ ದಿನಕ್ಕೆ 100 ಲೀಟರ್ ಹಿಡಿದರೆ ಒಟ್ಟು 400 ಲೀಟರ್. 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 60 ಸೆಂ.ಮೀ. ಆಳದ ಮಡಿ ಸಾಕು. ಜಲ್ಲಿ ತುಂಬಿದ ಮೇಲೆ ಅದರ ಸಂದಿನಲ್ಲಿ ಸುಮಾರು 1,200 ಲೀಟರ್ ನೀರು ಹಿಡಿಯುತ್ತದೆ, ಅಂದರೆ ಮೂರು ದಿನದ್ದು. ಕೊಳೆ ತಿನ್ನುವುದು ಮುಖ್ಯವಾಗಿ ಕಲ್ಲಿಗೂ ಬೇರಿಗೂ ಅಂಟಿದ ಬ್ಯಾಕ್ಟೀರಿಯಾ. ಅವಕ್ಕೆ ಅಷ್ಟು ಸಮಯ ಬೇಕು. ಹೂ ನೋಡಿ ಗಿಡಕ್ಕೇ ಎಲ್ಲ ಕೀರ್ತಿ ಕೊಡಬೇಡಿ.

ಮೊದಲು ಕಟ್ಟಬೇಕಾದದ್ದು ಜಿಡ್ಡಿನ ತೊಟ್ಟಿ. ಮುಸುರೆ ನೀರು ನೇರ ಜಲ್ಲಿಗೆ ಬಿದ್ದರೆ ಎಣ್ಣೆ, ಅನ್ನದಗುಳು, ಕಾಯಿತುರಿ ಸೇರಿ ಸಂದೆಲ್ಲ ಕಟ್ಟಿಕೊಳ್ಳುತ್ತದೆ. ಮುಚ್ಚಳವಿರುವ 60 ಲೀಟರಿನ ಡ್ರಮ್ಮಾದರೂ ಆದೀತು. ಹೊರಹೋಗುವ ಪೈಪಿಗೆ ಟೀ (T ಆಕಾರದ ಪೈಪು ಜೋಡಣೆ) ಕೂರಿಸಿ, ಅದರ ಕೆಳಬಾಯಿ ನೀರಿನಲ್ಲಿ ಒಂದಡಿ ಮುಳುಗಿರಲಿ. ಜಿಡ್ಡು ಮೇಲೆ ತೇಲಿ ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಹಳೆ ಸೌಟಿನಿಂದ ತೆಗೆದು ಗೊಬ್ಬರದ ಗುಂಡಿಗೆ ಹಾಕಿ.

ಮಡಿಯ ತಳ, ಗೋಡೆಗೆ ಸಿಮೆಂಟ್ ಗಾರೆಯೋ ದಪ್ಪ ಪ್ಲಾಸ್ಟಿಕ್ ಹಾಳೆಯೋ ಬೇಕೇ ಬೇಕು. ನಿಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗಿ ಬಾವಿ ಸೇರೀತು. ಅದೇ ಜಂಬಿಟ್ಟಿಗೆ ಚೂರನ್ನು ಜಲ್ಲಿಯೆಂದು ತುಂಬಲೂ ಬೇಡಿ, ಸವೆದು ಪುಡಿಯಾಗುತ್ತದೆ. ತೊಳೆದ ಕರಿಜಲ್ಲಿ, 10ರಿಂದ 20 ಮಿ.ಮೀ. ಎರಡೂ ತುದಿಯಲ್ಲಿ ಅರ್ಧ ಮೀಟರ್ ಮುಷ್ಟಿ ಗಾತ್ರದ ಕಲ್ಲು. ಚದರ ಮೀಟರಿಗೆ ನಾಲ್ಕು ಕಾಬಾಳೆ ಗೆಡ್ಡೆ.

ಹೊರಬಾಯಿಗೆ ತಿರುಗಿಸಬಹುದಾದ ಎಲ್ಬೋ (ಮೊಣಕೈಯಂತೆ ಬಾಗಿದ ಪೈಪಿನ ತುಂಡು) ಹಾಕಿ, ನೀರಿನ ಮಟ್ಟ ಜಲ್ಲಿಯಿಂದ 10 ಸೆಂ.ಮೀ. ಕೆಳಗಿರುವಂತೆ ನಿಲ್ಲಿಸಿ. ಮೇಲೆ ನೀರೇ ಕಾಣದಿದ್ದರೆ ಸೊಳ್ಳೆ ಎಲ್ಲಿ ಮೊಟ್ಟೆಯಿಡಬೇಕು? ಮಳೆಗೆ ಅಂಚನ್ನು ನೆಲದಿಂದ 15 ಸೆಂ.ಮೀ. ಎತ್ತರಿಸಿ, ಸೂರಿನ ನೀರನ್ನು ಬೇರೆ ಕಡೆ ತಿರುಗಿಸಿ. 100 ಮಿ.ಮೀ. ಸುರಿದ ದಿನ ಮಡಿಯ ಮೇಲೆ ನೇರ ಬೀಳುವುದೇ 600 ಲೀಟರ್. ಹೊರಪೈಪು 3 ಇಂಚಿಗಿಂತ ಸಣ್ಣದಾಗಬಾರದು. ಬಂದ ನೀರು ತೆಂಗು, ಬಾಳೆಗೆ ಸರಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಪ್ರಶ್ನೆ: ಒಂದೂವರೆ ವರ್ಷದ ನಮ್ಮ ಮಡಿಯಲ್ಲಿ ಈಗ ನೀರು ಮೇಲೆ ನಿಂತು ಕೊಳೆತ ಮೊಟ್ಟೆಯ ವಾಸನೆ. ಎಲ್ಲ ತೆಗೆಸಬೇಕೇ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಬೇಡ. ಹೊರಬಾಯಿಯ ಎಲ್ಬೋ ಒಂದು ಗೇಣು ತಗ್ಗಿಸಿ ನೋಡಿ. ಆ ಕಡೆ ನೀರಿಳಿದು, ಒಳಬಾಯಿಯ ಹತ್ತಿರ ಹಾಗೇ ನಿಂತರೆ ಕಟ್ಟಿರುವುದು ಮೊದಲ ಅರ್ಧ ಮೀಟರ್. ಅಷ್ಟೇ ಕಲ್ಲು ತೆಗೆದು ತೊಳೆದು ಹಾಕಿ. ಎಲ್ಲೂ ಇಳಿಯದಿದ್ದರೆ ಹೊರಪೈಪಿಗೆ ಬೇರು ಹೊಕ್ಕಿದೆ. ಬಚ್ಚಲಿಗೆ ಬ್ಲೀಚಿಂಗ್ ಪುಡಿ ಸುರಿಯುವ ರೂಢಿಯಿದ್ದರೆ ಬಿಡಿ, ಮಡಿಯ ಬ್ಯಾಕ್ಟೀರಿಯಾಕ್ಕೆ ಅದು ವಿಷ.